ಮನೆ ಮಾರಿ ಹೊಸ ಮನೆಗೆ ಹೋಗುವವರಿಗೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಮನೆ ಮಾರುವುದು ಒಂದು ಕೆಲಸ. ಹೊಸ ಮನೆಗೆ ಹೋಗುವುದು ಇನ್ನೊಂದು. ಬೇರೆ ಬೇರೆಯಾಗಿ ಮಾಡಿದರೆ ಎರಡೂ ಅಷ್ಟೇನೂ ಕಷ್ಟವಲ್ಲ. ಆದರೆ ಸಂಸಾರಸ್ಥರು ಎರಡನ್ನೂ ಒಟ್ಟಿಗೇ ಮಾಡಬೇಕಾಗುತ್ತದೆ. ಒಂದು ಕಡೆಯಿಂದ ಹಣ ಬರಬೇಕು, ಅದೇ ಹಣ ಇನ್ನೊಂದು ಕಡೆಗೆ ಹೋಗಬೇಕು, ಇದರ ನಡುವೆಯೇ ಮಕ್ಕಳು ಶಾಲೆಗೆ ಹೋಗಬೇಕು, ಮನೆಯ ಹಿರಿಯರು ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಳ್ಳಬೇಕು. ನಾವು ಇದನ್ನು ಎರಡು ಸಲ ಮಾಡಿದ್ದೇವೆ. ಮೊದಲ ಸಲ ಎಲ್ಲರೂ ಹಣ್ಣುಗಾಯಿ ನೀರುಗಾಯಿ ಆಗಿಬಿಟ್ಟೆವು. ಎರಡನೇ ಸಲ ಸಲೀಸಾಗಿ ನಡೆಯಿತು. ಮೊದಲ ಸಲ ನಮ್ಮ ತಲೆಯಲ್ಲಿ ಮಾರಾಟದ ಬೆಲೆ ಬಿಟ್ಟು ಬೇರೇನೂ ಇರಲಿಲ್ಲ. ಎರಡನೇ ಸಲ, ಹಳೆ ಮನೆಗೂ ಹೊಸ ಮನೆಗೂ ನಡುವೆ ಬರುವ ದಿನಗಳನ್ನು ಹೇಗೆ ಕಳೆಯುವುದು ಅಂತ ಮೊದಲೇ ಕೂತು ಯೋಚಿಸಿದ್ದೆವು.

ಕಾನೂನು, ತೆರಿಗೆ ಊರಿಂದೂರಿಗೆ, ದೇಶದಿಂದ ದೇಶಕ್ಕೆ ಬೇರೆ. ಅದಕ್ಕೆ ನಿಮ್ಮ ಕಡೆಯ ವಕೀಲರನ್ನೂ ತೆರಿಗೆ ನೋಡುವವರನ್ನೂ ಕೇಳಲೇಬೇಕು, ಅದೂ ಮಾರಿದ ಮೇಲಲ್ಲ, ಮಾರುವುದಕ್ಕೆ ಮುಂಚೆ. ಇಲ್ಲಿ ಹೇಳುತ್ತಿರುವುದು ಎಲ್ಲಿದ್ದರೂ ತಪ್ಪದ ಕೆಲಸಗಳು, ಮಾಡಬೇಕಾದ ಸರದಿಯಲ್ಲಿ.

ಮೊದಲು ಮೂರು ತಾರೀಖು ಬರೆದುಕೊಳ್ಳಿ

ಮನೆಯವರೆಲ್ಲ ಒಂದು ಸಂಜೆ ಕೂತುಕೊಳ್ಳಿ. ಮಕ್ಕಳನ್ನೂ ಕೂರಿಸಿಕೊಳ್ಳಿ. ಒಂದು ಹಾಳೆಯ ಮೇಲೆ ಮೂರು ತಾರೀಖು ಬರೆಯಿರಿ: ಮಾರಿದ ಹಣ ಪೂರ್ತಿ ಕೈಗೆ ಬರುವ ದಿನ, ಹೊಸ ಮನೆಯ ಕೀಲಿ ಸಿಗುವ ದಿನ, ಹಳೆ ಮನೆಯ ಕೀಲಿ ಕೊಡುವ ದಿನ. ಈಗ ಅಂದಾಜು ಸಾಕು. ಮುಂದೆ ಯಾರ ಜೊತೆ ಮಾತಾಡುವಾಗಲೂ, ಅವರು ಮನೆ ಕೊಳ್ಳುವವರಿರಲಿ, ಬ್ಯಾಂಕಿನವರಿರಲಿ, ಸಾಮಾನು ಸಾಗಿಸುವವರಿರಲಿ, ಈ ಹಾಳೆ ಕೈಯಲ್ಲಿರಬೇಕು.

ಮೊದಲು ಮಾರುವುದೋ, ಮೊದಲು ಕೊಳ್ಳುವುದೋ ಅನ್ನುವ ಪ್ರಶ್ನೆ ಇಲ್ಲೇ ಬರುತ್ತದೆ. ಮೊದಲು ಮಾರಿದರೆ ಕೈಯಲ್ಲಿ ಎಷ್ಟು ಹಣ ಇದೆ ಅಂತ ಖಚಿತವಾಗಿ ಗೊತ್ತಿರುತ್ತದೆ, ಹೊಸ ಮನೆಗೆ ಚೌಕಾಸಿ ಮಾಡುವಾಗ ಮಾತಿಗೆ ತೂಕ ಬರುತ್ತದೆ. ಆದರೆ ಅಲ್ಲಿಯವರೆಗೆ ಇರುವುದೆಲ್ಲಿ? ಮೊದಲು ಕೊಂಡರೆ ಸಾಮಾನು ಸಾಗಿಸುವುದು ಆರಾಮ. ಆದರೆ ಎರಡು ಮನೆಯ ಖರ್ಚು ಒಟ್ಟಿಗೆ ಬೀಳುತ್ತದೆ. ನಡುವಿನ ದಿನಗಳಿಗೆ ಅಂತ ತೆಗೆದುಕೊಳ್ಳುವ ಸಾಲಕ್ಕೆ ಸಾಮಾನ್ಯವಾಗಿ ಬಡ್ಡಿ ಜಾಸ್ತಿ. ಹಳೆ ಮನೆ ಬೇಗ ಹೋಗದಿದ್ದರೆ ತಿಂಗಳು ತಿಂಗಳು ಗಾಬರಿ ಏರುತ್ತಾ ಹೋಗುತ್ತದೆ, ಕೊನೆಗೆ ಬಂದ ಬೆಲೆಗೆ ಕೊಟ್ಟುಬಿಡುತ್ತೀರಿ. ಎರಡನ್ನೂ ಒಂದೇ ದಿನ ಹೊಂದಿಸುವವರೂ ಇದ್ದಾರೆ. ಒಂದು ಸಹಿ ತಡವಾದರೆ ಲಾರಿ, ಕೂಲಿಯವರು, ಮಂಚ, ಮಕ್ಕಳು ಎಲ್ಲರೂ ಬೀದಿಯಲ್ಲಿ.

ಮಕ್ಕಳು, ಹಿರಿಯರು ಇರುವ ಮನೆಗೆ ನಾನು ಹೇಳುವುದು ಒಂದೇ ದಾರಿ. ಮೊದಲು ಮಾರಿ, ಆದರೆ ಮಾರಿದ ಮೇಲೂ ಒಂದೆರಡು ತಿಂಗಳು ಅದೇ ಮನೆಯಲ್ಲಿ ಬಾಡಿಗೆ ಕೊಟ್ಟು ಇರುತ್ತೇವೆ ಅಂತ ಕೊಳ್ಳುವವರನ್ನು ಕೇಳಿ. ಅವಸರವಿಲ್ಲದವರು ಎಷ್ಟೋ ಸಲ ಒಪ್ಪುತ್ತಾರೆ. ಬಾಡಿಗೆ ಎಷ್ಟು, ಖಾಲಿ ಮಾಡುವ ಕೊನೆಯ ದಿನ ಯಾವುದು, ಅಷ್ಟರಲ್ಲಿ ಏನಾದರೂ ಕೆಟ್ಟರೆ ರಿಪೇರಿ ಯಾರದು, ಮನೆಯ ವಿಮೆ ಯಾರ ಹೆಸರಲ್ಲಿ, ಇದೆಲ್ಲ ಬರವಣಿಗೆಯಲ್ಲಿ ಇರಲಿ. ಬಾಯಿ ಮಾತಿಗೆ ಬಿಡಬೇಡಿ. ಇದರಿಂದ ನಡುವೆ ಒಂದು ಬಾಡಿಗೆ ಮನೆಗೆ ಹೋಗಿ ಮತ್ತೆ ಅಲ್ಲಿಂದ ಹೊರಡುವುದು ತಪ್ಪುತ್ತದೆ. ಎರಡು ಸಲ ಗಂಟುಮೂಟೆ ಕಟ್ಟುವ ಕಷ್ಟ, ಕಟ್ಟಿದವರಿಗೇ ಗೊತ್ತು.

ಇನ್ನೊಂದು ಮಾತು. ಹೊಸ ಮನೆಯ ಕೀಲಿ ಸಿಗುವ ದಿನಕ್ಕೂ ಹಳೆಯದನ್ನು ಕೊಡುವ ದಿನಕ್ಕೂ ನಡುವೆ ಕನಿಷ್ಠ 7ರಿಂದ 10 ದಿನ ಇರಲಿ. ಎರಡೂ ಕೀಲಿ ನಿಮ್ಮ ಕೈಯಲ್ಲಿರುವ ಆ ದಿನಗಳಲ್ಲಿ ಬಣ್ಣ, ಗುಡಿಸಿ ಒರೆಸುವುದು, ನಲ್ಲಿ ರಿಪೇರಿ, ಪರದೆಯ ಕೋಲು ಹಾಕಿಸುವುದು ಎಲ್ಲ ಮುಗಿಯುತ್ತದೆ. ಸಾಮಾನು ತುಂಬಿದ ಮನೆಗೆ ಬಣ್ಣ ಹೊಡೆಸುವುದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿಲ್ಲ.

ಕೊಳ್ಳುವವರು ಬರುವ ಮುಂಚೆ ಕಾಗದಪತ್ರ

ಬೀರುವಿನಿಂದ ಫೈಲು ತೆಗೆಯಿರಿ. ಕ್ರಯಪತ್ರದಲ್ಲಿ ಮನೆ ಯಾರ ಯಾರ ಹೆಸರಲ್ಲಿದೆ ನೋಡಿ. ಒಬ್ಬರಿಗಿಂತ ಜಾಸ್ತಿ ಇದ್ದರೆ ಎಲ್ಲರ ಒಪ್ಪಿಗೆ, ಎಲ್ಲರ ಸಹಿ ಬೇಕು. ಅವರಲ್ಲಿ ಯಾರಾದರೂ ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ದಾಖಲೆ ಬದಲಾಗಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಒಡಹುಟ್ಟಿದವರ ಪಾಲು ಇದ್ದರೆ ಬೆಲೆ ಹೇಳುವ ಮುಂಚೆಯೇ ಅವರ ಜೊತೆ ಕೂತು ಮಾತಾಡಿ. ಹಣ ಕಣ್ಣೆದುರು ಬಂದ ಮೇಲೆ ಆ ಮಾತು ಕಷ್ಟ.

ಹೆಸರಿನ ಅಕ್ಷರ ಅಕ್ಷರವನ್ನೂ ಗುರುತಿನ ಚೀಟಿಯ ಜೊತೆ ಇಟ್ಟು ನೋಡಿ. ನಮ್ಮ ಮೊದಲ ಮಾರಾಟದಲ್ಲಿ ಅತ್ತೆಯವರ ಇನಿಷಿಯಲ್ ಕ್ರಯಪತ್ರದಲ್ಲಿ ಒಂದು ಥರ ಇತ್ತು, ಗುರುತಿನ ಚೀಟಿಯಲ್ಲಿ ಇನ್ನೊಂದು ಥರ. ಒಂದೇ ಒಂದು ಅಕ್ಷರ. ಅದನ್ನು ಸರಿ ಮಾಡಿಸಲು ಮೂರು ವಾರ ಓಡಾಡಿದೆವು. ಅಷ್ಟರಲ್ಲಿ ಕೊಳ್ಳುವವರ ಸಾಲದ ಮಂಜೂರಾತಿಯ ಅವಧಿ ಮುಗಿಯುವ ಹಂತಕ್ಕೆ ಬಂದಿತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮೊದಲೇ ಆ ಎರಡು ಕಾಗದ ಪಕ್ಕಪಕ್ಕ ಇಟ್ಟಿದ್ದರೆ ಐದು ನಿಮಿಷದ ಕೆಲಸ.

ಮನೆಯ ಮೇಲೆ ಸಾಲ ಇದ್ದರೆ, ಇಂಥ ತಾರೀಖಿಗೆ ಎಷ್ಟು ಕಟ್ಟಿದರೆ ಸಾಲ ತೀರುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಮೂಲ ಪತ್ರ ವಾಪಸ್ ಕೊಡಲು ಎಷ್ಟು ದಿನ ಬೇಕು ಅಂತಲೂ ಕೇಳಿ. ಸಾಲ ಪೂರ್ತಿ ತೀರಿಸಿ ಎಷ್ಟೋ ವರ್ಷವಾಗಿದ್ದರೂ ಸರ್ಕಾರಿ ದಾಖಲೆಯಲ್ಲಿ ಅಡಮಾನ ಹಾಗೇ ಉಳಿದಿರುವುದುಂಟು. ತೀರಿಸುವುದು ಒಂದು, ದಾಖಲೆಯಿಂದ ತೆಗೆಸುವುದು ಇನ್ನೊಂದು. ಮಂಜೂರಾದ ನಕ್ಷೆ, ತೆರಿಗೆ ಕಟ್ಟಿದ ರಸೀದಿ, ಅಪಾರ್ಟ್‌ಮೆಂಟ್ ಆಗಿದ್ದರೆ ಬಾಕಿ ಇಲ್ಲ ಅನ್ನುವ ಪತ್ರ, ಇಷ್ಟನ್ನೂ ಒಂದೇ ಕಡೆ ಸೇರಿಸಿ. ನಕ್ಷೆಯಲ್ಲಿ ಇಲ್ಲದ ಕೋಣೆ ಕಟ್ಟಿಸಿದ್ದರೆ ಅದನ್ನು ಕೊಳ್ಳುವವರ ವಕೀಲರು ಹೇಗೂ ಹಿಡಿಯುತ್ತಾರೆ. ನೀವೇ ಮೊದಲು ಹೇಳಿ.

ಮನೆಗೆ ದೊಡ್ಡ ಕೆಲಸ ಮಾಡಿಸಿದ್ದರೆ ಅದರ ಬಿಲ್ಲುಗಳನ್ನು ಹುಡುಕಿ. ಲಾಭದ ಮೇಲೆ ತೆರಿಗೆ ಇರುವ ಅನೇಕ ಕಡೆ ಅಂಥ ಖರ್ಚನ್ನು ಮನೆಯ ಅಸಲಿಗೆ ಸೇರಿಸಿ ಲೆಕ್ಕ ಹಾಕಬಹುದು, ಆದರೆ ಬಿಲ್ಲು ಬೇಕು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ಮನೆ ನೋಡಲು ಬಂದವರ ಕೈಗೆ ಪ್ರತಿ ಮಾತ್ರ ಕೊಡಿ, ಮೂಲ ಪತ್ರ ಕೊಡಬೇಡಿ.

ಬೆಲೆ

ಪಕ್ಕದ ಮನೆಯವರು ಎಷ್ಟು ಕೇಳುತ್ತಿದ್ದಾರೆ ಅನ್ನುವುದು ಮುಖ್ಯವಲ್ಲ. ಹತ್ತಿರದಲ್ಲಿ ಇತ್ತೀಚೆಗೆ ಎಷ್ಟಕ್ಕೆ ಮಾರಾಟ ಆಯಿತು ಅನ್ನುವುದು ಮುಖ್ಯ. ಹೋಲಿಸುವಾಗ ಅಳತೆ ಒಂದೇ ಥರದ್ದಾಗಿರಲಿ. ಗೋಡೆಯೊಳಗಿನ ಓಡಾಡುವ ಜಾಗ ಬೇರೆ, ಗೋಡೆ, ಬಾಲ್ಕನಿ ಎಲ್ಲ ಸೇರಿದ ಅಳತೆ ಬೇರೆ. ಇದನ್ನು ಬೆರೆಸಿಕೊಂಡರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಇಬ್ಬರು ಮೂವರು ಏಜೆಂಟರನ್ನು ಕರೆಸಿ ಕೇಳಿ, ಜಾಸ್ತಿ ಹೇಳಿದವರನ್ನೇ ಹಿಡಿದುಕೊಳ್ಳಬೇಡಿ, ಹೇಳಿದ ಬೆಲೆಗೆ ಕಾರಣ ಕೊಟ್ಟವರನ್ನು ನಂಬಿ.

ಮನೆ ಮಾರಾಟಕ್ಕಿದೆ ಅಂತ ಹೇಳಿದ ಮೊದಲ ಕೆಲವು ವಾರದಲ್ಲೇ ಜಾಸ್ತಿ ಜನ ಬರುತ್ತಾರೆ. ಆಗ ಬೆಲೆ ತುಂಬಾ ಏರಿಸಿ ಇಟ್ಟಿದ್ದರೆ ಬಂದವರು ಸುಮ್ನೆ ನೋಡಿ ಹೋಗುತ್ತಾರೆ. ಆಮೇಲೆ ಇಳಿಸಿದರೆ, ಇಷ್ಟು ದಿನ ಯಾಕೆ ಹೋಗಲಿಲ್ಲ, ಏನೋ ಐಬು ಇರಬೇಕು ಅನ್ನುವ ಅನುಮಾನ ಶುರುವಾಗುತ್ತದೆ. ನಿಮ್ಮ ಮಗು ಮೊದಲ ಹೆಜ್ಜೆ ಇಟ್ಟ ಹಜಾರ ಅದು, ನಿಜ. ಕೊಳ್ಳುವವರಿಗೆ ಅದು ಒಂದು ಹಜಾರ ಮಾತ್ರ. ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಅನ್ನುವ ಒಂದು ಮೊತ್ತವನ್ನು ಮನೆಯವರೇ ಮೊದಲು ಒಪ್ಪಿಕೊಂಡು ಬರೆದಿಟ್ಟುಕೊಳ್ಳಿ, ಹೊರಗಿನವರಿಗೆ ಹೇಳಬೇಡಿ. ಮಾತುಕತೆಯ ಬಿಸಿಯಲ್ಲಿ ಗಂಡ ಒಂದು, ಹೆಂಡತಿ ಒಂದು ಹೇಳುವುದು ಇದರಿಂದ ತಪ್ಪುತ್ತದೆ.

ಮನೆ ತೋರಿಸುವುದು

ತೊಟ್ಟಿಕ್ಕುವ ನಲ್ಲಿ, ಕಿರುಗುಟ್ಟುವ ಬಾಗಿಲು, ಹತ್ತದ ಬಲ್ಬು ಇವನ್ನು ಸರಿ ಮಾಡಿಸಿ. ಅಡುಗೆಮನೆ ಒಡೆದು ಹೊಸದಾಗಿ ಮಾಡಿಸುವ ಗೋಜಿಗೆ ಹೋಗಬೇಡಿ, ಬರುವವರು ತಮಗೆ ಬೇಕಾದ ಹಾಗೆ ಮಾಡಿಸಿಕೊಳ್ಳುತ್ತಾರೆ. ವಾಸನೆ ಮಾತ್ರ ನಿಮಗೆ ಗೊತ್ತಾಗುವುದಿಲ್ಲ. ದಿನಾ ಇರುವ ವಾಸನೆಗೆ ಮೂಗು ಒಗ್ಗಿಕೊಂಡಿರುತ್ತದೆ. ಹೊರಗಿನಿಂದ ಒಬ್ಬ ಸ್ನೇಹಿತರನ್ನು ಕರೆದು, ಬಾಗಿಲು ತೆಗೆದ ಕೂಡಲೇ ಏನು ವಾಸನೆ ಬರುತ್ತದೆ ಹೇಳಿ ಅಂತ ಕೇಳಿ, ಬೇಜಾರು ಮಾಡಿಕೊಳ್ಳಬೇಡಿ.

ಗೋಡೆಯ ತೇವದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಮಲಗುವ ಕೋಣೆಯ ಒಂದು ಮೂಲೆಯಲ್ಲಿ ತೇವ ಇತ್ತು. ತೋರಿಸುವ ಮುಂಚೆ ಹೊಸ ಬಣ್ಣ ಹೊಡೆಸಿ ಅಲ್ಲೊಂದು ಬೀರು ಇಟ್ಟಿದ್ದೆವು. ಒಬ್ಬ ಮಹಿಳೆ ಮನೆ ನೋಡಲು ಬಂದರು. ಎಲ್ಲ ಕೋಣೆ ನೋಡಿದರು, ಏನೂ ಮಾತಾಡಲಿಲ್ಲ. ಈ ಮೂಲೆಗೆ ಬಂದು ಕೂತರು. ಬೀರುವಿನ ಪಕ್ಕದ ಗೋಡೆಗೆ ಅಂಗೈಯನ್ನಲ್ಲ, ಕೈಯ ಹಿಂಭಾಗವನ್ನು ಒತ್ತಿ ಹಿಡಿದರು. ಆಮೇಲೆ ಎದುರಿನ ಒಣ ಗೋಡೆಗೂ ಹಾಗೇ ಹಿಡಿದರು. ಒದ್ದೆ ಗೋಡೆ ತಣ್ಣಗಿರುತ್ತದೆ. ಎದ್ದು ನನ್ನ ಮುಖ ನೋಡಿದರು. ಅವರು ಮತ್ತೆ ಬರಲಿಲ್ಲ, ಆ ನೋಟ ಮಾತ್ರ ನನಗೆ ಇವತ್ತಿಗೂ ನೆನಪಿದೆ.

ತೇವದ ಮೇಲೆ ಬಣ್ಣ ಹೊಡೆದರೆ ನಿಲ್ಲುವುದಿಲ್ಲ. ನೀರು ಗೋಡೆಯೊಳಗಿನ ಉಪ್ಪನ್ನು ಹೊರಗೆ ತರುತ್ತದೆ, ನೀರು ಆರಿದ ಮೇಲೆ ಉಪ್ಪು ಬಿಳಿ ಪುಡಿಯಾಗಿ ನಿಂತು ಬಣ್ಣವನ್ನು ಎಬ್ಬಿಸುತ್ತದೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿಸಿ: ಒಡೆದ ಪೈಪು, ಚಾವಣಿಯ ಬಿರುಕು, ಹೊರಗಡೆ ಗೋಡೆಗೆ ಒತ್ತಿ ತುಂಬಿದ ಮಣ್ಣು. ರಿಪೇರಿ ಮಾಡಿಸಿ ಬಿಲ್ಲು ಇಡಿ. ಮಾಡಿಸಲು ಆಗದಿದ್ದರೆ ಹೇಳಿಬಿಡಿ, ಅಷ್ಟು ಬೆಲೆ ಇಳಿಸಿ. ಗೊತ್ತಿದ್ದೂ ಮುಚ್ಚಿಟ್ಟರೆ ಮಾರಿದ ಮೇಲೂ ಅನೇಕ ಕಡೆ ಕೋರ್ಟಿಗೆ ಹೋಗಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಮೂಲೆಯಲ್ಲಿ ಇನ್ನೊಬ್ಬರ ಮಗು ಮಲಗುತ್ತದೆ, ಅಲ್ವಾ?

ಫೋಟೋ ಹಗಲು ಬೆಳಕಿನಲ್ಲಿ, ಪರದೆ ಸರಿಸಿ, ಕೋಣೆಯ ಮೂಲೆಯಲ್ಲಿ ನಿಂತು, ಎದೆಯ ಎತ್ತರದಲ್ಲಿ ಫೋನ್ ನೆಟ್ಟಗೆ ಹಿಡಿದು ತೆಗೆಯಿರಿ. ಮಕ್ಕಳ ಚಿತ್ರ, ಕಾಗದಪತ್ರ, ನೀವು ಊರಲ್ಲಿ ಇಲ್ಲದ ದಿನ ಗುರುತು ಹಾಕಿದ ಕ್ಯಾಲೆಂಡರ್ ಫೋಟೋದಲ್ಲಿ ಬರದಿರಲಿ. ಜನ ನೋಡಲು ಬರುವಾಗ ಒಡವೆ, ಮಾತ್ರೆ, ಬ್ಯಾಂಕ್ ಪತ್ರ ಬೀಗದೊಳಗೆ ಇರಲಿ. ಒಬ್ಬರೇ ಇದ್ದಾಗ ಅಪರಿಚಿತರಿಗೆ ಮನೆ ತೋರಿಸಬೇಡಿ.

ಒಪ್ಪಂದ ಮತ್ತು ಹಣ

ಜಾಸ್ತಿ ಬೆಲೆ ಹೇಳಿದವರೇ ಒಳ್ಳೆಯ ಗಿರಾಕಿ ಅಂತ ಏನೂ ಇಲ್ಲ. ಸಾಲ ಮಂಜೂರಾಗಿದೆಯೋ, ಅವರೂ ತಮ್ಮ ಮನೆ ಮಾರಿಯೇ ಹಣ ಕೊಡಬೇಕೋ, ನಿಮ್ಮ ಮೂರು ತಾರೀಖಿಗೆ ಒಪ್ಪುತ್ತಾರೋ ಕೇಳಿ. ಸ್ವಲ್ಪ ಕಡಿಮೆ ಕೊಟ್ಟು ತಾರೀಖಿಗೆ ಸರಿಯಾಗಿ ನಿಲ್ಲುವವರು ಎಷ್ಟೋ ವಾಸಿ.

ಮನೆಯ ಜೊತೆ ಏನು ಹೋಗುತ್ತದೆ, ಏನು ಹೋಗುವುದಿಲ್ಲ ಅಂತ ಪಟ್ಟಿ ಮಾಡಿ ಒಪ್ಪಂದಕ್ಕೆ ಸೇರಿಸಿ. ಫ್ಯಾನು, ದೀಪ, ಪರದೆಯ ಕೋಲು, ನೀರು ಕಾಯಿಸುವ ಹೀಟರ್, ಗೋಡೆಗೆ ಜೋಡಿಸಿದ ಕಪಾಟು, ಅಂಗಳದ ಹೂಕುಂಡ. ಲಕ್ಷಗಟ್ಟಲೆ ಹಣದ ಮಾತು ಸುಸೂತ್ರವಾಗಿ ಮುಗಿದು ಕೊನೆಗೆ ಎರಡು ಫ್ಯಾನಿಗೆ ಜಗಳ ಆಗುವುದನ್ನು ನಾನೇ ನೋಡಿದ್ದೇನೆ. ಮುಂಗಡ ಎಷ್ಟು, ಉಳಿದದ್ದು ಯಾವಾಗ, ಅವರು ಹಿಂದೆ ಸರಿದರೆ ಮುಂಗಡ ಏನಾಗುತ್ತದೆ, ನೀವು ಹಿಂದೆ ಸರಿದರೆ ಏನು, ಇದೂ ಬರವಣಿಗೆಯಲ್ಲಿ ಇರಲಿ.

ದೊಡ್ಡ ಮೊತ್ತ ಓಡಾಡುವಾಗ ವಂಚಕರು ಕಾಯುತ್ತಿರುತ್ತಾರೆ. ಖಾತೆ ನಂಬರ್ ಬದಲಾಗಿದೆ, ಈ ಹೊಸ ಖಾತೆಗೆ ಹಾಕಿ ಅಂತ ವಕೀಲರ ಹೆಸರಲ್ಲೋ ಮಾರುವವರ ಹೆಸರಲ್ಲೋ ಇಮೇಲ್ ಬರಬಹುದು. ಅದರಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಮೊದಲಿಂದ ನಿಮ್ಮ ಹತ್ತಿರ ಇರುವ ನಂಬರಿಗೆ ಮಾಡಿ, ದನಿ ಗುರುತು ಹಿಡಿದು, ಖಾತೆ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿಸಿ. ಹಾಗೇ ನಿಮಗೆ ಬರಬೇಕಾದ ಹಣ ಬಂದಿದೆಯೇ ಅಂತ ಅವರು ತೋರಿಸುವ ಸ್ಕ್ರೀನ್‌ಶಾಟ್ ನೋಡಿ ನಂಬಬೇಡಿ, ನಿಮ್ಮ ಖಾತೆಯನ್ನು ನೀವೇ ತೆರೆದು ನೋಡಿ. ಅಲ್ಲಿಯವರೆಗೆ ಕೀಲಿ ಜೇಬಿನಲ್ಲೇ ಇರಲಿ.

ಹೊಸ ಮನೆಯನ್ನು ಅಳೆಯಿರಿ

ಕೊಳ್ಳುವ ಮುಂಚೆ ಹಗಲು ಒಮ್ಮೆ, ರಾತ್ರಿ ಒಮ್ಮೆ, ಸಾಧ್ಯವಾದರೆ ಮಳೆ ಬರುವಾಗ ಒಮ್ಮೆ ನೋಡಿ. ಎರಡು ನಲ್ಲಿ ಒಟ್ಟಿಗೆ ಬಿಟ್ಟು ನೀರಿನ ರಭಸ ನೋಡಿ. ಪ್ರತಿ ಕೋಣೆಯಲ್ಲೂ ನಿಂತು ಫೋನ್ ಮಾಡಿ. ಕೆಲಸಕ್ಕೆ, ಶಾಲೆಗೆ ಹೋಗುವ ಹೊತ್ತಿನಲ್ಲೇ ಆ ದಾರಿಯಲ್ಲಿ ಒಮ್ಮೆ ಹೋಗಿ ಬನ್ನಿ.

ಆಮೇಲೆ ಟೇಪು ಹಿಡಿದು ಅಳೆಯಿರಿ. ಕೋಣೆ ಮಾತ್ರ ಅಳೆದರೆ ಸಾಲದು. ಮುಂಬಾಗಿಲು, ಮೆಟ್ಟಿಲು ತಿರುಗುವ ಜಾಗ, ಲಿಫ್ಟಿನ ಒಳಗೆ, ಮಲಗುವ ಕೋಣೆಯ ಬಾಗಿಲು ಇವೇ ಸಾಮಾನನ್ನು ತಡೆಯುವುದು. ಸೋಫಾವನ್ನು ಬಾಗಿಲಲ್ಲಿ ಓರೆ ಮಾಡಿ ತರುತ್ತಾರೆ, ಹಾಗಾಗಿ ಅದರ ಓರೆ ಅಳತೆ ಬಾಗಿಲಿನ ಅಗಲಕ್ಕಿಂತ ಕಡಿಮೆ ಇರಬೇಕು: ಪಕ್ಕದಿಂದ ನೋಡಿ, ಬೆನ್ನಿನ ಮೇಲ್ತುದಿಯಿಂದ ಕೈ ಇಡುವ ಜಾಗದ ಮುಂದಿನ ತುದಿಗೆ ಒಂದು ದಾರ ಹಿಡಿದು, ಹಿಂದಿನ ಕೆಳಮೂಲೆಯಿಂದ ಆ ದಾರಕ್ಕೆ ನೇರವಾಗಿ ಎಷ್ಟು ದೂರ ಅಂತ ಅಳೆಯಿರಿ. ಹೊಸ ಮನೆಯ ಕೋಣೆಗಳನ್ನು ಚೌಕುಳಿ ಹಾಳೆಯ ಮೇಲೆ ಬರೆದು, ಮಂಚ, ಬೀರು, ಮೇಜನ್ನು ಅದೇ ಅಳತೆಗೆ ಕಾಗದದಲ್ಲಿ ಕತ್ತರಿಸಿ ಜೋಡಿಸಿ ನೋಡಿ. ಈ ಕೆಲಸ ಮಕ್ಕಳಿಗೆ ಕೊಡಿ. ನಮ್ಮ ಮಗಳು ತನ್ನ ಮಂಚದ ಚೂರನ್ನು ಒಂದು ವಾರ ಅತ್ತಿಂದಿತ್ತ ಸರಿಸಿ ಕೊನೆಗೆ ಕಿಟಕಿಯ ಕೆಳಗೆ ಅಂಟಿಸಿದಳು. ಹೊಸ ಮನೆಗೆ ಹೋಗುವ ಹೊತ್ತಿಗೆ ಅವಳಿಗೆ ಅದು ಆಗಲೇ ಅವಳ ಕೋಣೆಯಾಗಿತ್ತು.

ಸಾಮಾನು ಕಟ್ಟುವುದು

ಆರು ವಾರ ಮುಂಚೆ ಅಟ್ಟದಿಂದ ಶುರು ಮಾಡಿ. ಅಟ್ಟದಲ್ಲಿ ಇರುವುದು ದಿನಾ ಬೇಕಾಗುವ ವಸ್ತುಗಳಲ್ಲ, ಬಿಡುವುದೂ ಸುಲಭ. ಹಳೆ ಫೋಟೋ, ಪತ್ರದ ಪೆಟ್ಟಿಗೆಯನ್ನು ಮಾತ್ರ ಈಗ ತೆರೆಯಬೇಡಿ. ತೆರೆದರೆ ಆ ದಿನ ಅಲ್ಲೇ ಮುಗಿಯುತ್ತದೆ. ಹಾಗೇ ಕಟ್ಟಿ ತಂದು ಹೊಸ ಮನೆಯಲ್ಲಿ ಆರಾಮಾಗಿ ನೋಡಿ.

ಸಾಗಿಸುವವರು ಮನೆಗೆ ಬಂದು ಸಾಮಾನು ನೋಡಿದ ಮೇಲೆಯೇ ಅಂದಾಜು ಬರೆದು ಕೊಡಲಿ. ಫೋನಿನಲ್ಲಿ ಹೇಳಿದ ಮೊತ್ತ ಲಾರಿ ಬಾಗಿಲಿಗೆ ಬಂದ ಮೇಲೆ ಏರುತ್ತದೆ, ನಮಗೂ ಹಾಗೇ ಆಯಿತು. ಮಹಡಿ ಎಷ್ಟು, ಲಿಫ್ಟ್ ಇದೆಯಾ, ಲಾರಿ ಎಷ್ಟು ದೂರ ನಿಲ್ಲಬೇಕು ಅಂತ ಮೊದಲೇ ಹೇಳಿ. ಒಡೆದರೆ ಪರಿಹಾರ ಏನು, ವಿಮೆ ಇದೆಯಾ ಕೇಳಿ. ಬೆಲೆಬಾಳುವ ವಸ್ತುಗಳ ಫೋಟೋ ತೆಗೆದಿಡಿ. ಪೆಟ್ರೋಲ್, ಪೇಂಟ್, ಗ್ಯಾಸ್ ಸಿಲಿಂಡರ್ ಇಂಥ ಬೆಂಕಿ ಹಿಡಿಯುವ ವಸ್ತುಗಳನ್ನು ಸಾಮಾನಿನ ಜೊತೆ ಲಾರಿಗೆ ಹಾಕಬೇಡಿ.

ಪುಸ್ತಕ ಚಿಕ್ಕ ಪೆಟ್ಟಿಗೆಗೆ, ದಿಂಬು ಹೊದಿಕೆ ದೊಡ್ಡದಕ್ಕೆ. ಒಂದು ಪೆಟ್ಟಿಗೆ 15ರಿಂದ 20 ಕಿಲೋ ದಾಟದಿರಲಿ, ಇಲ್ಲದಿದ್ದರೆ ತಳ ಬಿಚ್ಚಿಕೊಳ್ಳುತ್ತದೆ, ಎತ್ತಿದವರ ಸೊಂಟವೂ ಹೋಗುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ. ಟಿವಿಯನ್ನೂ ನೆಟ್ಟಗೆ ನಿಲ್ಲಿಸಿಯೇ ಸಾಗಿಸಿ. ವೈರ್ ಕಳಚುವ ಮುಂಚೆ ಟಿವಿಯ ಹಿಂಭಾಗದ ಒಂದು ಫೋಟೋ ತೆಗೆಯಿರಿ. ಪೆಟ್ಟಿಗೆಗೆ ಹೆಸರಿಗಿಂತ ನಂಬರ್ ಒಳ್ಳೆಯದು. ನಂಬರ್, ಹೋಗಬೇಕಾದ ಕೋಣೆ, ಎರಡೂ ಪಕ್ಕಕ್ಕೆ ಬರೆಯಿರಿ, ಮೇಲೆ ಬರೆದರೆ ಒಂದರ ಮೇಲೊಂದು ಇಟ್ಟಾಗ ಕಾಣುವುದಿಲ್ಲ. ಒಳಗೆ ಏನಿದೆ ಅನ್ನುವುದು ನಿಮ್ಮ ಪುಸ್ತಕದಲ್ಲಿರಲಿ.

ಮಂಚ, ಮೇಜು ಬಿಚ್ಚಿದಾಗ ಅದರ ಬೋಲ್ಟು, ಸ್ಕ್ರೂಗಳನ್ನು ಒಂದು ಚೀಲಕ್ಕೆ ಹಾಕಿ ಆ ಮಂಚಕ್ಕೇ ಗಟ್ಟಿಯಾಗಿ ಟೇಪ್ ಸುತ್ತಿ. ಮೊದಲ ಸಲ ನಾವು ಎಲ್ಲ ಸ್ಕ್ರೂಗಳನ್ನು ಒಂದೇ ಡಬ್ಬಿಗೆ ತುಂಬಿದ್ದೆವು. ಆ ಡಬ್ಬಿ ಸಿಗಲಿಲ್ಲ. ಮಂಡಿ ನೋವಿರುವ ಅತ್ತೆ ಆರು ರಾತ್ರಿ ನೆಲದ ಮೇಲೆ ಹಾಸಿಗೆ ಹಾಕಿಕೊಂಡು ಮಲಗಿದರು, ಪ್ರತಿ ಸಲ ಏಳುವಾಗಲೂ ಇಬ್ಬರು ಹಿಡಿದು ಎಬ್ಬಿಸಬೇಕಿತ್ತು.

ಫ್ರಿಜ್ ಖಾಲಿ ಮಾಡಿ, ಹಿಂದಿನ ದಿನವೇ ಆಫ್ ಮಾಡಿ, ಬಾಗಿಲು ತೆರೆದಿಟ್ಟು ಮಂಜು ಕರಗಿಸಿ ಒರೆಸಿ. ನಿಲ್ಲಿಸಿಯೇ ಸಾಗಿಸಿ. ಮಲಗಿಸಿದರೆ ಕಂಪ್ರೆಸರ್‌ನ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ, ತಕ್ಷಣ ಆನ್ ಮಾಡಿದರೆ ಕೆಡಬಹುದು. ನಿಲ್ಲಿಸಿ ತಂದಿದ್ದರೂ ಕೆಲವು ಗಂಟೆ ಬಿಟ್ಟು ಆನ್ ಮಾಡಿ, ಮಲಗಿಸಿ ತಂದಿದ್ದರೆ 24 ಗಂಟೆ ಬಿಡುವುದು ಕ್ಷೇಮ. ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷೀನ್ ಕೊಂಡಾಗ ಹಿಂಭಾಗದಲ್ಲಿ ಉದ್ದನೆಯ ಬೋಲ್ಟುಗಳಿದ್ದವು, ನೆನಪಿದೆಯಾ? ಒಳಗಿನ ಡ್ರಮ್ ಅಲುಗದ ಹಾಗೆ ಹಿಡಿಯುವುದು ಅವೇ. ಸಾಗಿಸುವ ಮುಂಚೆ ಮತ್ತೆ ಹಾಕಿ, ಹೊಸ ಮನೆಯಲ್ಲಿ ಚಾಲೂ ಮಾಡುವ ಮುಂಚೆ ಮರೆಯದೆ ತೆಗೆಯಿರಿ. ಪೈಪಿನಲ್ಲಿ ಉಳಿದ ನೀರನ್ನೂ ಬಸಿದುಬಿಡಿ.

ಮನೆಪತ್ರ, ಗುರುತಿನ ಚೀಟಿ, ಒಡವೆ, ಮಾತ್ರೆ, ಕನ್ನಡಕ, ಚಾರ್ಜರ್ ಇವು ಲಾರಿಗೆ ಹೋಗಬಾರದು. ನಿಮ್ಮ ಕೈಚೀಲದಲ್ಲೇ ಇರಲಿ.

ಮಕ್ಕಳು, ಹಿರಿಯರು, ಸಾಕಿದ ಪ್ರಾಣಿಗಳು

ಮಕ್ಕಳಿಗೆ ಮನೆ ಮಾರುವ ವಿಷಯ ಬೇರೆಯವರಿಂದ ಗೊತ್ತಾಗಬಾರದು. ನೀವೇ ಹೇಳಿ, ಬೇಗ ಹೇಳಿ. ಬೇಡ ಅಂತ ಅತ್ತರೆ ಅಳಲಿ, ಹೊಸ ಮನೆ ಎಷ್ಟು ಚೆನ್ನಾಗಿದೆ ಅಂತ ಕೂಡಲೇ ಹೇಳಲು ಹೋಗಬೇಡಿ. ಆ ವಾರ ಅವರ ಹಳೆ ಆಟಿಕೆ ಬಿಸಾಡಬೇಡಿ. ಮಗುವಿನ ಪೆಟ್ಟಿಗೆ ಕೊನೆಗೆ ಕಟ್ಟಿ, ಮೊದಲು ಬಿಚ್ಚಿ. ಹಾಸಿಗೆಯ ಬಟ್ಟೆ ಒಗೆಯದೆ ಹಾಗೇ ತನ್ನಿ, ಆ ವಾಸನೆಗೇ ಎಳೆಯ ಮಕ್ಕಳು ನಿದ್ದೆ ಹೋಗುತ್ತಾರೆ. ದೊಡ್ಡ ಮಕ್ಕಳಿಗೆ ಸ್ನೇಹಿತರನ್ನು ಬಿಡುವುದು ನಿಜವಾದ ದುಃಖ. ಮತ್ತೆ ಭೇಟಿಯಾಗಲು ಒಂದು ತಾರೀಖನ್ನು ಹೊರಡುವ ಮುಂಚೆಯೇ ಗೊತ್ತು ಮಾಡಿ.

ಹಿರಿಯರ ಬಗ್ಗೆ ನಾವು ಕಡಿಮೆ ಯೋಚಿಸುತ್ತೇವೆ. ಹಳೆ ಮನೆಯಲ್ಲಿ ಅವರು ಕತ್ತಲಲ್ಲೂ ನಡೆಯುತ್ತಾರೆ, ಎಷ್ಟು ಹೆಜ್ಜೆಗೆ ಬಚ್ಚಲು, ಯಾವ ಎತ್ತರಕ್ಕೆ ಸ್ವಿಚ್ಚು ಅಂತ ಕೈಕಾಲಿಗೇ ಗೊತ್ತಿರುತ್ತದೆ. ಹೊಸ ಮನೆಯ ಎರಡನೇ ರಾತ್ರಿ ನಮ್ಮ ಅತ್ತೆ ಎದ್ದು ಗೋಡೆ ತಡವುತ್ತಿದ್ದ ಸದ್ದಿಗೆ ನನಗೆ ಎಚ್ಚರವಾಯಿತು. ಹಳೆ ಮನೆಯಲ್ಲಿ ಸ್ವಿಚ್ಚು ಇದ್ದ ಜಾಗದಲ್ಲೇ ಅವರ ಕೈ ಹುಡುಕುತ್ತಿತ್ತು. ಅಲ್ಲಿ ಬರೀ ಗೋಡೆ ಇತ್ತು. ಹಾಗಾಗಿ ಹಿರಿಯರ ಮಂಚ ಹಳೆ ಮನೆಯಲ್ಲಿ ಬಾಗಿಲಿಗೆ ಯಾವ ಕಡೆ ಇತ್ತೋ ಸಾಧ್ಯವಾದರೆ ಹಾಗೇ ಹಾಕಿ, ಎಡಗಡೆ ಇಳಿಯುತ್ತಿದ್ದವರು ಎಡಗಡೆಯೇ ಇಳಿಯಲಿ. ಮಂಚದಿಂದ ಬಚ್ಚಲಿನವರೆಗೆ ರಾತ್ರಿ ದೀಪ ಉರಿಯಲಿ, ಆ ದಾರಿಯಲ್ಲಿ ಒಂದು ಪೆಟ್ಟಿಗೆಯನ್ನೂ ಇಡಬೇಡಿ. ಹಗಲಲ್ಲಿ ಅವರನ್ನು ಕೈ ಹಿಡಿದು ನಾಲ್ಕೈದು ಸಲ ಆ ದಾರಿಯಲ್ಲಿ ನಡೆಸಿ.

ಬೆಕ್ಕು ಜಾಗಕ್ಕೆ ಅಂಟಿಕೊಳ್ಳುವ ಪ್ರಾಣಿ. ಮೊದಲ ಕೆಲವು ದಿನ ಅದರ ಹಾಸಿಗೆ, ನೀರಿನ ಬಟ್ಟಲಿನ ಜೊತೆ ಒಂದೇ ಕೋಣೆಯಲ್ಲಿ ಇಡಿ. ಕನಿಷ್ಠ 2ರಿಂದ 3 ವಾರ ಹೊರಗೆ ಬಿಡಬೇಡಿ, ಬಿಟ್ಟರೆ ಹಳೆ ಮನೆ ಹುಡುಕಿಕೊಂಡು ಹೊರಡಬಹುದು. ನಾಯಿಯ ಕೊರಳ ಪಟ್ಟಿಯ ಮೇಲಿನ ವಿಳಾಸ ಹೊರಡುವ ದಿನವೇ ಬದಲಾಗಲಿ.

ಕೊನೆಯ ಸುತ್ತು, ಮೊದಲ ರಾತ್ರಿ

ಲಾರಿ ತುಂಬಿದ ಮೇಲೆ ಒಬ್ಬರೇ ಇಡೀ ಮನೆ ಸುತ್ತಿ. ಬಾಗಿಲುಗಳ ಹಿಂದೆ, ಅಟ್ಟದ ಮೂಲೆ, ಕಪಾಟಿನ ಮೇಲಿನ ಹಲಗೆ, ಬಟ್ಟೆ ಒಣಹಾಕುವ ತಂತಿ ನೋಡಿ. ವಿದ್ಯುತ್, ನೀರಿನ ಮೀಟರಿನ ಅಂಕಿ ಕಾಣುವ ಹಾಗೆ ಫೋಟೋ ತೆಗೆಯಿರಿ, ಕೊಳ್ಳುವವರಿಗೂ ಆಗಲೇ ಕಳಿಸಿ. ಕ್ಯಾಮೆರಾ, ಸ್ಮಾರ್ಟ್ ಬೀಗ ಬಿಟ್ಟು ಹೋಗುತ್ತಿದ್ದರೆ ಅದರಲ್ಲಿನ ನಿಮ್ಮ ಖಾತೆ ಅಳಿಸಿ ಹೊಸದರಂತೆ ಮಾಡಿ ಕೊಡಿ. ಕೀಲಿಗಳನ್ನು ಎಣಿಸಿ ಕೊಟ್ಟು, ಇಷ್ಟು ಕೊಟ್ಟೆ ಅಂತ ಸಹಿ ತಗೊಳ್ಳಿ. ನಿಮ್ಮ ಮನೆಯ ಬಿಡಿ ಕೀಲಿ ಇಟ್ಟುಕೊಂಡ ನೆರೆಮನೆಯವರಿಂದಲೂ ವಾಪಸ್ ಪಡೆಯಿರಿ.

ಹೊಸ ಮನೆಗೆ ಕಾಲಿಟ್ಟ ದಿನ ಮೊದಲ ಕೆಲಸ ಮಂಚ ಜೋಡಿಸಿ ಹಾಸಿಗೆ ಹಾಸುವುದು. ಪೆಟ್ಟಿಗೆ ಬಿಚ್ಚುವುದು ನಾಳೆ. ಮುಂಬಾಗಿಲಿನ ಬೀಗ ಬದಲಾಯಿಸಿ, ಹಳೆ ಕೀಲಿ ಯಾರ ಯಾರ ಹತ್ತಿರ ಇದೆಯೋ ನಿಮಗೆ ಗೊತ್ತಿಲ್ಲ. ನೀರು ನಿಲ್ಲಿಸುವ ಮುಖ್ಯ ವಾಲ್ವ್ ಎಲ್ಲಿ, ಕರೆಂಟ್ ನಿಲ್ಲಿಸುವ ಸ್ವಿಚ್ಚು ಎಲ್ಲಿ ಅಂತ ಮನೆಯವರಿಗೆಲ್ಲ ತೋರಿಸಿ. ಮನೆ ನಿಮ್ಮ ಹೆಸರಿಗೆ ಬಂದ ದಿನದಿಂದಲೇ ಅದರ ವಿಮೆ ಶುರುವಾಗಿರಲಿ.

ವಿಳಾಸ ಬದಲಾವಣೆಯನ್ನು ಆ ವಾರವೇ ಹಿಡಿಯಿರಿ: ಬ್ಯಾಂಕ್, ಶಾಲೆ, ಕೆಲಸದ ಜಾಗ, ವಿಮೆ, ವೈದ್ಯರು, ವಾಹನದ ದಾಖಲೆ, ಆನ್‌ಲೈನಿನಲ್ಲಿ ಸಾಮಾನು ತರಿಸುವ ಆ್ಯಪ್‌ಗಳು. ಹಳೆ ಮನೆ ಕೊಂಡವರ ಫೋನ್ ನಂಬರ್ ಇಟ್ಟುಕೊಂಡಿರಿ, ಹಳೆ ವಿಳಾಸಕ್ಕೆ ಕಾಗದ ಬಂದರೆ ತಿಳಿಸಲು ಹೇಳಿ. ಮೂರು ತಿಂಗಳು ಕಳೆದ ಮೇಲೆ ಒಂದು ದಿನ ಕೂತು, ಹಳೆ ಮನೆಯ ತೆರಿಗೆ, ವಿದ್ಯುತ್, ನೀರಿನ ಬಿಲ್ಲು ಇನ್ನೂ ನಿಮ್ಮ ಹೆಸರಲ್ಲೇ ಬರುತ್ತಿದೆಯಾ ನೋಡಿ. ಬರುತ್ತಿದ್ದರೆ ಮಾರಾಟ ಪತ್ರದ ಒಂದು ಪ್ರತಿ ಹಿಡಿದು ಹೋಗಿ ಆವತ್ತೇ ಹೆಸರು ತೆಗೆಸಿ ಬನ್ನಿ.